ಹಣ ಕೇಳಿದರೆ ಅದು ಪದ್ಮಶ್ರೀ ಅಲ್ಲ, ಕೂಸೇ

ಕೂಸೇ, ನಿನ್ನ ಸಂದೇಶವನ್ನು ಈಗಷ್ಟೇ ನೋಡಿದೆ. ಕೊಟ್ಟಿಗೆ ಕೆಲಸ ಮುಗಿಸಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಗುಂಪಿನಲ್ಲಿ ನಲವತ್ತು ಸಂದೇಶ ಬಿದ್ದಿವೆ. ಎಲ್ಲರೂ ನಿನ್ನ ಅಪ್ಪನಿಗೆ ಅಭಿನಂದನೆ ಹೇಳುವವರೇ. ನೀನೊಬ್ಬಳು ಮಾತ್ರ ಕೇಳಿದ್ದೀಯೆ: ದೊಡ್ಡಮ್ಮ, ದೆಹಲಿಯಿಂದ ಫೋನ್ ಬಂದಿತ್ತು, ಅಪ್ಪನ ಹೆಸರು ಪದ್ಮಶ್ರೀ ಪಟ್ಟಿಯಲ್ಲಿದೆಯಂತೆ, ಕಡತ ಮುಂದೆ ಹೋಗಲು 60 ಸಾವಿರ ರೂಪಾಯಿ ಕಟ್ಟಬೇಕಂತೆ, ಅದೂ ಸಂಜೆ ಐದು ಗಂಟೆಯೊಳಗೆ, ಇದು ನಿಜವೇ ಎಂದು. ನಿಜವಲ್ಲ. ಒಂದು ರೂಪಾಯಿಯನ್ನೂ ಕಳುಹಿಸಬೇಡ. ಅಪ್ಪನ ಮೊಬೈಲನ್ನು ಇವತ್ತು ನಿನ್ನ ಹತ್ತಿರವೇ ಇಟ್ಟುಕೊ. ಅವನು ಸಿಟ್ಟು ಮಾಡಿದರೆ ನನ್ನ ಹೆಸರು ಹೇಳು.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಜಗಲಿಯ ಗೋಡೆಯ ಮೇಲಿರುವ ದೊಡ್ಡಪ್ಪನ ಫಲಕವನ್ನು ನೀವೆಲ್ಲ ನೋಡಿದ್ದೀರಿ, ಮಕ್ಕಳಿದ್ದಾಗ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಅದು ಮನೆಗೆ ಹೇಗೆ ಬಂತು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅವರು ಇರುವಾಗ ಹೇಳುವ ಮನಸ್ಸಾಗಲಿಲ್ಲ.

2012ರಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂತಲ್ಲ, ಆಗ ನಮ್ಮ ಕಡೆ ಯಕ್ಷಗಾನದ ಮನೆಗಳಲ್ಲೆಲ್ಲ ಹಬ್ಬದ ಹಾಗೆ ಇತ್ತು. ದೊಡ್ಡಪ್ಪ ಅವತ್ತು ಪತ್ರಿಕೆಯನ್ನು ಮೂರು ಸಲ ಓದಿ, ಮಡಚಿ, ಮದ್ದಳೆಯ ಗವಸಿನೊಳಗೆ ಇಟ್ಟುಕೊಂಡರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಮೂವತ್ತು ವರ್ಷ ಮೇಳದ ತಿರುಗಾಟ ಮಾಡಿ, ಮಳೆಗಾಲದಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಗೆ ಅಲೆದು, ಬೆರಳ ತುದಿ ಕಲ್ಲಿನಂತಾದ ಮನುಷ್ಯನಿಗೆ ಆಸೆ ಇರುವುದು ತಪ್ಪೇ? ತಪ್ಪಲ್ಲ. ಭಾಗವತನಾಗಿ ಯಕ್ಷಗಾನದ ಪದ್ಯ ಹಾಡುವ ನಿನ್ನ ಅಪ್ಪನಿಗೂ ಇದೆ, ಇರಬೇಕಾದದ್ದೇ. ಮೋಸ ಮಾಡುವವರು ಕೈ ಹಾಕುವುದು ಆ ಜಾಗಕ್ಕೇ.

ಮುಂದಿನ ಮಳೆಗಾಲಕ್ಕೆ ಒಂದು ಪತ್ರ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಅಕ್ಷರ, ಸರ್ಕಾರದ್ದೇ ಇರಬೇಕು ಅನ್ನಿಸುವಂತಹ ಮುದ್ರೆ. ಸಂಸ್ಥೆಯ ಹೆಸರಿನಲ್ಲಿ 'ರಾಷ್ಟ್ರೀಯ' ಎಂದಿತ್ತು. ಪ್ರಶಸ್ತಿಯನ್ನು ಇನ್ನು ಮುಂದೆ ಹೆಸರಿನ ಹಿಂದೆ ಬಿರುದಾಗಿ ಬರೆದುಕೊಳ್ಳಬಹುದು ಎಂದೂ ಬರೆದಿದ್ದರು. ನೋಂದಣಿ ಶುಲ್ಕ 18 ಸಾವಿರ. ಆ ವರ್ಷ ಮಾಡಿನ ಹಂಚು ಬದಲಿಸಲೆಂದು ಅಟ್ಟದಲ್ಲಿ ಚಾಲಿ ಅಡಿಕೆ ಇಟ್ಟಿದ್ದೆ. ಅದನ್ನು ಮಾರುವುದಕ್ಕೆ ಹೇಳಿದವಳು ನಾನೇ, ಅವರಲ್ಲ.

ಕಾರವಾರದಲ್ಲಿ ರೈಲು ಹತ್ತಿ ನಿಜಾಮುದ್ದೀನಿನಲ್ಲಿ ಇಳಿದೆವು. ಐದು ನಿಮಿಷ ನುಡಿಸುವುದಕ್ಕೆ ಅವಕಾಶ ಕೊಡುತ್ತೇವೆ ಎಂದಿದ್ದರಲ್ಲ, ಹಾಗಾಗಿ ಮದ್ದಳೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ಮದುವೆ ಛತ್ರದಂತಹ ಒಂದು ಸಭಾಂಗಣ. ನಮ್ಮ ಹಾಗೆಯೇ ಹಣ ಕಟ್ಟಿ ಬಂದವರು ಅರವತ್ತಕ್ಕೂ ಹೆಚ್ಚು ಜನ. ಹೆಸರು ಕೂಗುತ್ತಾರೆ, ಶಾಲು ಹೊದೆಸುತ್ತಾರೆ, ಫೋಟೋ, ಮುಂದಿನವರು. ಮದ್ದಳೆಯ ಗವಸು ಬಿಚ್ಚಲೇ ಇಲ್ಲ. ಕೋಣೆಗೆ ಬಂದು ಫಲಕವನ್ನು ದೀಪದ ಕೆಳಗೆ ಹಿಡಿದು ನೋಡಿದರೆ, ಹಿಂದಿಯಲ್ಲಿ ಅವರ ಹೆಸರಿನ ಕೆಳಗೆ 'ತಬಲಾ ವಾದಕ' ಎಂದು ಇತ್ತು. ಜನ್ಮದಲ್ಲಿ ತಬಲಾ ಮುಟ್ಟಿದವರಲ್ಲ ಅವರು. ಹಿಂತಿರುಗುವಾಗ ರತ್ನಾಗಿರಿ ದಾಟುವವರೆಗೆ ಒಂದು ಮಾತಿಲ್ಲ, ಮದ್ದಳೆಯ ಬಲ ಮುಚ್ಚಿಗೆಯ ಮೇಲೆ ಹೆಬ್ಬೆರಳಾಡಿಸುತ್ತ ಕುಳಿತಿದ್ದರು. ಊರಿಗೆ ಬಂದರೆ ಬಸ್ ನಿಲ್ದಾಣದಲ್ಲಿ ಹಾರ ಹಿಡಿದುಕೊಂಡು ಜನ ನಿಂತಿದ್ದರು. ಅವರಿಗೆ ಏನೆಂದು ಹೇಳುವುದು? ಫಲಕ ಗೋಡೆ ಏರಿತು.

ಅದಕ್ಕೇ ಮತ್ತೆ ಹೇಳುತ್ತೇನೆ, ಗುಂಪಿನಲ್ಲಿರುವ ಎಲ್ಲರೂ ಕೇಳಿಸಿಕೊಳ್ಳಿ. ಯಾರೇ ಹಣ ಕೇಳಲಿ, ಶುಲ್ಕ ಎನ್ನಲಿ, ಕಡತದ ಖರ್ಚು ಎನ್ನಲಿ, ಅದು ಪದ್ಮಶ್ರೀ ಅಲ್ಲ. ನಮ್ಮ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ ಹಾಲಕ್ಕಿ ಹಾಡಿಗಾಗಿ 2017ರಲ್ಲಿ ಬಂತು. ಹೊನ್ನಳ್ಳಿಯ ತುಳಸಿ ಗೌಡರಿಗೆ ಗಿಡ ಬೆಳೆಸಿದ್ದಕ್ಕೆ ಬಂತು, ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ತೆಗೆದುಕೊಂಡರು. ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಸುದ್ದಿ ತಿಳಿಯಿತು. ಅರವತ್ತು ಸಾವಿರ ಎಣಿಸಿ ಕೊಡುವ ಸ್ಥಿತಿಯಲ್ಲಿ ಇದ್ದವರೇ ಅವರು? ಪಟ್ಟಿ ಹೊರಬೀಳುವುದು ಗಣರಾಜ್ಯೋತ್ಸವದ ಹಿಂದಿನ ದಿನ ಸಂಜೆ. ಇಷ್ಟು ಮೊದಲೇ ಪಟ್ಟಿ ನನ್ನ ಕೈಯಲ್ಲಿದೆ ಎನ್ನುವವನು ಸುಳ್ಳ. ನಿಜವಾದ ಪ್ರಶಸ್ತಿಯಲ್ಲಿ ರಾಷ್ಟ್ರಪತಿಯವರ ಸಹಿಯ ಸನದು, ಅಂದರೆ ಪ್ರಮಾಣಪತ್ರ, ಮತ್ತು ಪದಕ ಕೊಡುತ್ತಾರೆ, ದುಡ್ಡು ಇಲ್ಲ. ಅದನ್ನು ಬಿರುದಾಗಿ ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವಂತೆಯೂ ಇಲ್ಲ, 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಬಂಗಾರದ ಅಕ್ಷರದ ಪತ್ರ ಓದುವಾಗ ನನಗೆ ಇದೊಂದು ಗೊತ್ತಿದ್ದರೆ ಅಡಿಕೆ ಅಟ್ಟದಲ್ಲೇ ಇರುತ್ತಿತ್ತು.

ಇನ್ನೊಂದು ಮಾತು ಮನಸ್ಸಿನಲ್ಲಿದೆ, ಹೇಳಿಯೇಬಿಡುತ್ತೇನೆ. ಬೆಳಗಿನಿಂದ ಹಾರದ ಚಿತ್ರ, ಕೈಮುಗಿದ ಚಿತ್ರ ಕಳುಹಿಸುತ್ತಿದ್ದೀರಲ್ಲ, ನಿಮ್ಮಲ್ಲಿ ಎಷ್ಟು ಜನ ಭಾಗವತರ ಪದ್ಯವನ್ನು ಬೆಳಗಿನ ಜಾವದವರೆಗೆ ಕೂತು ಕೇಳಿದ್ದೀರಿ? ಕಳೆದ ದೀಪಾವಳಿಯಲ್ಲಿ ನಮ್ಮದೇ ಅಂಗಳದಲ್ಲಿ ತಾಳಮದ್ದಳೆ ಇಟ್ಟುಕೊಂಡಿದ್ದೆವು. ಬೆಂಗಳೂರಿನವರು, ಮುಂಬಯಿಯವರು ಎಲ್ಲ ಊರಲ್ಲೇ ಇದ್ದಿರಿ. ಊಟವಾದ ಮೇಲೆ ಚಾಪೆಯ ಮೇಲೆ ಉಳಿದವರು ಒಂಬತ್ತು ಜನ, ಅದರಲ್ಲಿ ಮನೆಯವರು ನಾನು ಮತ್ತು ನಿನ್ನ ಆಯಿ. ದೊಡ್ಡಪ್ಪ ಇರುವಾಗ ಒಂದು ದಿನ ಕೂತು ಅವರ ನುಡಿತವನ್ನು ಧ್ವನಿಮುದ್ರಿಸಿಕೊಳ್ಳಿ ಎಂದು ಎಷ್ಟು ಸಲ ಹೇಳಿದೆ. ಮುಂದಿನ ರಜೆಗೆ ಎಂದಿರಿ, ಮುಂದಿನ ರಜೆಗೆ ಅವರೇ ಇರಲಿಲ್ಲ. ಈಗ ಅವರ ಕೈಯ ಸದ್ದು ಈ ಮನೆಯಲ್ಲಿ ಎಲ್ಲೂ ಇಲ್ಲ. ಮನೆ ಪಾಲಾಗುವಾಗ ತಾಮ್ರದ ಹಂಡೆಗೆ ಜಗಳವಾಯಿತು, ಮದ್ದಳೆ ಯಾರಿಗೆ ಎಂದು ಒಬ್ಬರೂ ಕೇಳಲಿಲ್ಲ. ಅದು ನನ್ನ ಮಂಚದ ಪಕ್ಕದಲ್ಲಿದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಒಲೆಯ ಬಿಸಿಗೆ ತೋರಿಸಿ ಇಡುತ್ತೇನೆ.

ಅಯ್ಯೋ, ಮುಖ್ಯವಾದದ್ದನ್ನೇ ಹೇಳಲಿಲ್ಲ. ಅಪ್ಪನ ಹೆಸರನ್ನು ಸರಿಯಾದ ದಾರಿಯಲ್ಲಿ ಕಳುಹಿಸುವುದಕ್ಕೆ ಬರುತ್ತದೆ, ಕೂಸೇ. ಕಲೆ ಇರಲಿ, ವಿಜ್ಞಾನ, ಕ್ರೀಡೆ ಇರಲಿ, ಯಾರು ಯಾರ ಹೆಸರನ್ನಾದರೂ ಸೂಚಿಸಬಹುದು, ತಮ್ಮ ಹೆಸರನ್ನು ತಾವೇ ಕೂಡ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್ ಎಂದು ಇದೆ, ಅವಾರ್ಡ್ಸ್ ಡಾಟ್ ಗವ್ ಡಾಟ್ ಇನ್, ಅದರಲ್ಲೇ ಹಾಕಬೇಕು, ಬೇರೆ ಯಾವ ಕೊಂಡಿಯನ್ನೂ ಒತ್ತಬೇಡ. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ರಿಂದಲೇ ಹೆಸರು ತೆಗೆದುಕೊಂಡಿದ್ದರು, ಈ ಸಲದ ದಿನಾಂಕವನ್ನು ಅಲ್ಲೇ ನೋಡಿಕೊ. ಅಪ್ಪ ಮಾಡಿದ ಕೆಲಸವನ್ನು 800 ಪದದೊಳಗೆ ಬರೆಯಬೇಕು. ಹೊಗಳಿಕೆ ಬೇಡ. ಯಾವ ಮೇಳ, ಎಷ್ಟು ವರ್ಷ, ಎಷ್ಟು ಮಕ್ಕಳಿಗೆ ಪದ್ಯ ಕಲಿಸಿದ, ಮರೆತುಹೋಗಿದ್ದ ಯಾವ ಹಾಡಿನ ಮಟ್ಟುಗಳನ್ನು ಮತ್ತೆ ಹಾಡಿದ, ಅದನ್ನೇ ಬರೆ. ಬರುತ್ತದೋ ಇಲ್ಲವೋ, ಅದು ಆರಿಸುವವರ ಕೈಯಲ್ಲಿದೆ. ಅಪ್ಪನಿಗೂ ಹಾಗೆಂದೇ ಹೇಳು, ಮೆಲ್ಲಗೆ ಹೇಳು.

ಆ ಫೋನ್ ಸಂಖ್ಯೆಯನ್ನು ಅಳಿಸಬೇಡ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಕೊಡು. ಆಧಾರ್ ಚಿತ್ರವನ್ನೇನಾದರೂ ಆಗಲೇ ಕಳುಹಿಸಿದ್ದರೆ ಅದನ್ನೂ ಹೇಳು, ಬ್ಯಾಂಕಿಗೂ ತಿಳಿಸು.

ಬರೆಯಲು ದಿನಾಂಕಗಳು ಬೇಕಾಗುತ್ತವೆ, ಅಪ್ಪನಿಗೆ ಒಂದೂ ನೆನಪಿರುವುದಿಲ್ಲ. ಅಟ್ಟದ ತಗಡಿನ ಟ್ರಂಕಿನಲ್ಲಿ ದೊಡ್ಡಪ್ಪ ಆಟದ ಕರಪತ್ರಗಳನ್ನೆಲ್ಲ ಕಟ್ಟಿಟ್ಟಿದ್ದಾರೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಊರು, ತಾರೀಖು, ಅವತ್ತು ನಿನ್ನ ಅಪ್ಪ ಯಾವ ಪದ್ಯ ಚೆನ್ನಾಗಿ ಹೇಳಿದ ಎಂದು ಬರೆದಿಟ್ಟಿದ್ದಾರೆ. ಶನಿವಾರ ರಾತ್ರಿಯ ಬಸ್ಸಿಗೆ ಹೊರಟು ಬಾ. ಟ್ರಂಕನ್ನು ಇಳಿಸಲು ನನ್ನೊಬ್ಬಳಿಂದ ಆಗುವುದಿಲ್ಲ, ಜೊತೆಗೆ ಯಾರಾದರೂ ಬರಲಿ.