ಮ್ಯಾಪ್ ನೋಡಿ ಫ್ಲಾಟ್ ತಗೋಬೇಡಿ, ಟೈಮ್‌ಟೇಬಲ್ ನೋಡಿ

ಭಾವ: [ಫಾರ್ವರ್ಡ್ ಆದ ಚಿತ್ರ: ಬೆಂಗಳೂರು ಸಬರ್ಬನ್ ರೈಲು, ನಾಲ್ಕು ಬಣ್ಣದ ಗೆರೆ]
ಎಲ್ರೂ ನೋಡಿ, ಫ್ಲಾಟ್ ಮಾರೋವ್ರು ಕಳ್ಸಿದ್ದು. ಹೀಲಲಿಗೆಯಿಂದ ರಾಜಾನುಕುಂಟೆ ತನಕ ಕನಕ ಲೈನ್ ಬರುತ್ತಂತೆ, ನಾವು ನೋಡಿರೋ ಫ್ಲಾಟಿಂದ ಸ್ಟೇಷನ್ನಿಗೆ ನಡ್ಕೊಂಡೇ ಹೋಗ್ಬಹುದು. ಈ ತಿಂಗ್ಳೇ ಅಡ್ವಾನ್ಸ್ ಕೊಟ್ಬಿಡೋಣ ಅಂತಿದೀನಿ

ಚಿಕ್ಕಪ್ಪ: ಕೊಟ್ಬಿಡಪ್ಪ. ಟ್ರೇನ್ ಓಡೋಕ್ ಶುರು ಆದ್ಮೇಲೆ ಆ ಕಡೆ ರೇಟು ಕೈಗೆ ಸಿಗಲ್ಲ

ನಾನು: ಭಾವ ಒಂದ್ನಿಮಿಷ ತಡೀರಿ. ಈ ನಾಲ್ಕು ಗೆರೆ ಹೊಸದೇನಲ್ಲ, 148 ಕಿ.ಮೀ, 15,767 ಕೋಟಿ ಅಂತ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದೇ 2020ರಲ್ಲಿ. 2022ರ ಜೂನಲ್ಲಿ ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸ್ತೀವಿ ಅಂದ್ರು, ಆ 40 ತಿಂಗಳು 2025ರ ಅಕ್ಟೋಬರಿಗೇ ಮುಗೀತು, ಒಂದು ಕಾರಿಡಾರಲ್ಲೂ ಟ್ರೇನ್ ಓಡ್ಲಿಲ್ಲ. ಆ ನಾಲ್ಕರಲ್ಲಿ ಕನಕ ಮತ್ತೆ ಮಲ್ಲಿಗೆ ಅನ್ನೋ ಎರಡು ಲೈನಿನ ಸಿವಿಲ್ ಕೆಲ್ಸ ಹಿಡಿದಿದ್ದ ಕಾಂಟ್ರಾಕ್ಟರ್ 2025ರಲ್ಲಿ ಅರ್ಧಕ್ಕೇ ಕೈಬಿಟ್ಟು ಹೋದ್ರು. ಮ್ಯಾಪಲ್ಲಿ ಇದೆಲ್ಲ ಕಾಣ್ಸಲ್ಲ

ಚಿಕ್ಕಪ್ಪ: ಮೆಟ್ರೋಗೂ ಹಿಂಗೇ ಅಂತಿದ್ರಿ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್ ಅಷ್ಟೇ ಇತ್ತು, ಈಗ ವೈಟ್‌ಫೀಲ್ಡಿಂದ ಚಲ್ಲಘಟ್ಟಕ್ಕೆ ಒಂದೇ ಟ್ರೇನಲ್ಲಿ ಹೋಗ್ತಾರೆ. ತಡ ಆಗುತ್ತೆ, ಆದ್ರೆ ಆಗುತ್ತೆ. ಎಲ್ಲದಕ್ಕೂ ಅಪಶಕುನ ನುಡೀಬೇಡ

ನಾನು: ಅಪಶಕುನ ಅಲ್ಲ ಚಿಕ್ಕಪ್ಪ. ಸಬರ್ಬನ್ ಬೇಕೇ ಬೇಕು ಅನ್ನೋವ್ನು ನಾನು, ಸಬರ್ಬನ್ ರೈಲಿಗೋಸ್ಕರ 'ಚುಕುಬುಕು ಬೇಕು' ಅಂತ ಊರೆಲ್ಲ ಕೂಗಿದಾಗ ನಾನೂ ಕೂಗಿದೀನಿ. ನಾನ್ ಹೇಳ್ತಿರೋದು ಬೇರೆ. ಸ್ಟೇಷನ್ ಕಟ್ಟಿದ ತಕ್ಷಣ ರೈಲು ಸೌಕರ್ಯ ಬಂತು ಅಂತಲ್ಲ. ದೇವನಹಳ್ಳಿ ಲೈನಲ್ಲಿ ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್ ನೋಡಿ, 2021ರ ಜನವರಿಲಿ ಶುರು ಮಾಡಿದ್ರು, ಚೆನ್ನಾಗೇ ಕಟ್ಟಿದಾರೆ, ಆದ್ರೆ ದಿನಕ್ಕೆ ಬೆರಳೆಣಿಕೆ ಟ್ರೇನು, ಅದೂ ವಿಮಾನದ ಟೈಮಿಗೆ ಹೊಂದಲ್ಲ, ಇಳಿದ್ಮೇಲೆ ಟರ್ಮಿನಲ್ಲಿಗೆ ಹೋಗೋಕೆ ಮತ್ತೆ ಬಸ್ಸು. ಜನ ಹತ್ತಲಿಲ್ಲ, ಜನ ಇಲ್ಲ ಅಂತ ಟ್ರೇನ್ ಕಮ್ಮಿ ಮಾಡಿದ್ರು, ಟ್ರೇನ್ ಕಮ್ಮಿ ಅಂತ ಇನ್ನೂ ಜನ ಬರಲಿಲ್ಲ

ಅಕ್ಕ: ರೀ ಅಡ್ವಾನ್ಸ್ ವಿಷ್ಯ ಇಲ್ಲಿ ಹಾಕೋ ಮುಂಚೆ ನನ್ನ ಕೇಳ್ಬೇಕಿತ್ತು. ದಿನಾ ಟ್ರೇನಲ್ಲಿ ಓಡಾಡೋಳು ನಾನು. ಹೀಲಲಿಗೆಲಿ ಈಗ್ಲೂ ಸ್ಟೇಷನ್ ಇದೆ ಅನ್ನೋದು ನಿಮ್ಗೆ ನೆನಪಿದ್ಯಾ? ಮೆಮು, ಅಂದ್ರೆ ಈಗ ಓಡೋ ಲೋಕಲ್ ಕರೆಂಟ್ ಟ್ರೇನು, ಬಂದಾಗ ಬಾಗಿಲಲ್ಲಿ ನಿಂತಿರೋರು ಒಳಗೆ ಸರಿಯೋಕೆ ಜಾಗ ಇರಲ್ಲ, ಬ್ಯಾಗ್ ಎದೆಗೆ ಅವಚ್ಕೊಂಡು ಅಡ್ಡಡ್ಡ ನಿಂತು ಕಾರ್ಮೆಲರಾಂ ತನಕ ಹೋಗ್ಬೇಕು, ಅಲ್ಲಿ ಐಟಿ ಜನ ಅರ್ಧಕ್ಕರ್ಧ ಇಳೀತಾರೆ ಆಗ ಉಸಿರು ಬಿಡೋದು. ಅದು ಮಿಸ್ ಆಯ್ತೋ, ಮುಂದಿನ ಟ್ರೇನಿಗೆ ಕಾಯೋ ಬದಲು ಸಿಲ್ಕ್ ಬೋರ್ಡ್ ಟ್ರಾಫಿಕ್ಕೇ ವಾಸಿ. ಸಂಜೆ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡೋಕೆ ಅಂತ ನಮ್ಮನ್ನ ನಿಲ್ಸಿದ್ರೆ ಎಷ್ಟೊತ್ತು ಅಂತ ಯಾರೂ ಹೇಳಲ್ಲ

ಚಿಕ್ಕಪ್ಪ: ಅದಕ್ಕೇ ಅಲ್ವೇನಮ್ಮ ಬೇರೆ ಹಳಿ ಬೇಕು ಅನ್ನೋದು! ಇರೋ ಹಳಿ ಮೇಲೆ ಎಕ್ಸ್‌ಪ್ರೆಸ್ಸೂ ಗೂಡ್ಸೂ ಮೆಮುನೂ ಎಲ್ಲ ಓಡಿದ್ರೆ ಇನ್ನೆಷ್ಟು ತುರುಕ್ತಾರೆ. ಇವ್ನು ಹೇಳೋ ಹಂಗೆ ಬರೀ ಟ್ರೇನ್ ಜಾಸ್ತಿ ಮಾಡಿ ಅಂದ್ರೆ ಎಲ್ಲಿಂದ ಬರುತ್ತೆ ಜಾಗ

ಮುಂಬೈ ಮಾವ: ಇಲ್ಲಿ ಚಿಕ್ಕಪ್ಪನ ಮಾತು ಸರಿ ಇದೆ. ಠಾಣೆ-ದಿವಾ ಮಧ್ಯೆ 5ನೇ 6ನೇ ಲೈನಿಗೆ ನಾವು ಕಾದಿದ್ದು ಕಾದಿದ್ದೇ, 2022ರ ಫೆಬ್ರವರಿಲಿ ಕೊನೆಗೂ ಓಪನ್ ಆಯ್ತು. ದೂರದ ಗಾಡಿಗಳು ಆ ಕಡೆ ಹೋದ್ಮೇಲೇ ಲೋಕಲ್ಲಿಗೆ ಹೆಚ್ಚು ಸರ್ವಿಸ್ ಹಾಕೋಕಾಗಿದ್ದು. ಆದ್ರೆ ಇನ್ನೊಂದು ಮಾತು, ಹಳಿ ಒಂದೇ ಅಲ್ಲ, ಡಬ್ಬಿನೂ ಬೇಕು. ಇಲ್ಲಿ 9 ಡಬ್ಬಿ ಇದ್ದದ್ದು 12 ಆಯ್ತು, ವಿರಾರ್ ಕಡೆ 15 ಡಬ್ಬಿ ಗಾಡಿನೂ ಇದೆ, ಪ್ರತಿ ಸಲ ಪ್ಲಾಟ್‌ಫಾರ್ಮ್ ಉದ್ದ ಮಾಡೋದೇ ದೊಡ್ಡ ಕೆಲ್ಸ, ಪಕ್ಕದಲ್ಲಿ ಗೋಡೆ, ಸೇತುವೆ, ಮನೆ ಎಲ್ಲ ಬಂದಿರುತ್ತೆ. ನೀವು ಹೊಸದಾಗಿ ಕಟ್ತಿದೀರಿ, ಮೊದ್ಲೇ ಉದ್ದ ಕಟ್ಟಿ. ಜೋಗೇಶ್ವರಿ-ಗೋರೆಗಾಂವ್ ಮಧ್ಯೆ 2016ರಲ್ಲಿ ರಾಮಮಂದಿರ ಸ್ಟೇಷನ್ ಮಾಡಿದ್ರಲ್ಲ, ಅದು ಉಪಯೋಗಕ್ಕೆ ಬಂದಿದ್ದು ಅಲ್ಲಿ ಆಗ್ಲೇ ಲೋಕಲ್ ಮೇಲೆ ಲೋಕಲ್ ಓಡ್ತಿತ್ತು ಅಂತ

ನಾನು: ಮಾವ ಸರಿಯಾಗ್ ಹೇಳಿದ್ರಿ. ಚಿಕ್ಕಪ್ಪ, ಬೇರೆ ಹಳಿ ಬೇಡ ಅಂತ ನಾನೆಲ್ಲಿ ಅಂದೆ? ಬೈಯಪ್ಪನಹಳ್ಳಿ-ಹೊಸೂರು 48 ಕಿ.ಮೀ ಜೋಡಿ ಹಳಿ ಕೆಲ್ಸ ಬೇರೆನೇ ನಡೀತಿದೆ, ಕಂಟೋನ್ಮೆಂಟ್-ವೈಟ್‌ಫೀಲ್ಡ್ ನಾಲ್ಕು ಹಳಿದೂ ನಡೀತಿದೆ. ಇದು ಸಬರ್ಬನ್ ಮ್ಯಾಪಲ್ಲಿ ಇರಲ್ಲ, ಯಾರೂ ಫಾರ್ವರ್ಡ್ ಮಾಡಲ್ಲ, ಆದ್ರೆ ಅಕ್ಕನಿಗೆ ಮೊದ್ಲು ಉಪಯೋಗಕ್ಕೆ ಬರೋದು ಇದೇ. ನನ್ನ ಭಯ ಏನಂದ್ರೆ ಈ ಹಳಿ ರೆಡಿ ಆದ ದಿನ ಖಾಲಿ ಆಗೋ ಟೈಮೆಲ್ಲ ಮತ್ತೆ ಹೊಸ ಎಕ್ಸ್‌ಪ್ರೆಸ್ಸಿಗೇ ಹೋಗುತ್ತೆ. ಬೆಳಗ್ಗೆ ಸಂಜೆ ಆಫೀಸ್ ಟೈಮು ಮೆಮುಗೆ ಮೀಸಲು, 8 ಡಬ್ಬಿ ಗಾಡಿನ 16 ಮಾಡಿ ಅಂತ ಈಗಿಂದ್ಲೇ ಕೇಳ್ಬೇಕು. ಕನಕ ಬಂದಾಗ ಬರ್ಲಿ

ಭಾವ: ಹಂಗಾದ್ರೆ ಫ್ಲಾಟ್ ಬೇಡ ಅಂತೀಯಾ?

ನಾನು: ಫ್ಲಾಟ್ ಬೇಡ ಅಂತಲ್ಲ, ಕನಕ ಲೈನಿಗೆ ಅಂತ ಅವ್ರು ಸೇರ್ಸಿರೋ ರೇಟ್ ಕೊಡ್ಬೇಡಿ. ಇವತ್ತು ಓಡೋ ಟ್ರೇನು, ಇವತ್ತಿರೋ ರಸ್ತೆ ಲೆಕ್ಕ ಹಾಕಿ ಚೌಕಾಸಿ ಮಾಡಿ. ಒಂದ್ಸಲ ಅಕ್ಕನ ಜೊತೆ ಸೋಮವಾರ ಬೆಳಗ್ಗೆ ಆ ಮೆಮು ಹತ್ತಿ, ಸ್ಟೇಷನ್ನಿಂದ ಫ್ಲಾಟಿಗೆ ರಾತ್ರಿ ಹೊತ್ತು ನಡೆದು ನೋಡಿ, ಲೈಟ್ ಇದ್ಯಾ ಫುಟ್‌ಪಾತ್ ಇದ್ಯಾ ಅಂತ

ಅಕ್ಕ: ಅದನ್ನ ಮೊದ್ಲು ಮಾಡಿ. ಅಡ್ವಾನ್ಸ್ ಆಮೇಲೆ

ಚಿಕ್ಕಪ್ಪ: ಮಲ್ಲಿಗೆ ಲೈನ್ ಆದ್ರೂ ಬರುತ್ತೆ ನೋಡ್ತಿರಿ. ಚಿಕ್ಕಬಾಣಾವರದಿಂದ ಬೈಯಪ್ಪನಹಳ್ಳಿ 25 ಕಿ.ಮೀ, ಯಶವಂತಪುರ, ಹೆಬ್ಬಾಳ, ಬಾಣಸವಾಡಿ ಎಲ್ಲ ಸಿಗುತ್ತೆ. ನಮ್ಮಂಥ ವಯಸ್ಸಾದೋರು ಎರಡು ಬಸ್ ಬದಲಾಯ್ಸೋದು ತಪ್ಪುತ್ತೆ. 1983ರಿಂದ ಕೇಳ್ತಿದೀವಿ ಕಣೋ ಇದನ್ನ, ಆಸೆ ಬಿಡು ಅಂದ್ರೆ ಹೆಂಗೆ

ನಾನು: ಬಿಡಿ ಅಂತ ಅಂದಿಲ್ಲ ಚಿಕ್ಕಪ್ಪ. ಡಿಆರ್‌ಎಂ (ರೈಲ್ವೆ ವಿಭಾಗದ ಮುಖ್ಯಸ್ಥರು) ಆಫೀಸಿಗೂ ಸಂಸದರಿಗೂ ಒಂದು ಮನವಿ ಬರೀತಿದೀನಿ, ಆಫೀಸ್ ಟೈಮಿಗೆ ಹೆಚ್ಚು ಮೆಮು, 16 ಡಬ್ಬಿ, ಕಾರ್ಮೆಲರಾಂ ಹೀಲಲಿಗೆ ಎರಡೂ ಕಡೆ ಹತ್ತೋ ಇಳಿಯೋ ದಾರಿ. ಎಲ್ರೂ ಸಹಿ ಹಾಕಿ, ಅಕ್ಕ ನಿನ್ನ ಟ್ರೇನ್ ಗುಂಪಲ್ಲೂ ಹಾಕು

ಅಕ್ಕ: ಹಾಕ್ತೀನಿ. ಲೇಡೀಸ್ ಡಬ್ಬಿ ಜಾಸ್ತಿ ಬೇಕು ಅಂತನೂ ಸೇರ್ಸು, ಮತ್ತೆ ಗಾಡಿ ತಡ ಆದ್ರೆ ಸ್ಟೇಷನ್ನಲ್ಲಿ ಅನೌನ್ಸ್ ಮಾಡ್ಲಿ

ಚಿಕ್ಕಪ್ಪ: ನಾನೂ ಸಹಿ ಹಾಕ್ತೀನಿ. ಆದ್ರೆ ಹೊಸ ಲೈನ್ ಬೇಡ ಅನ್ನೋ ಅರ್ಥ ಬರೋ ಹಂಗೆ ಒಂದ್ ಸಾಲೂ ಬರೀಬೇಡ, ಕಳ್ಸೋ ಮುಂಚೆ ನನಗೆ ತೋರ್ಸು