ಪಕ್ಷದ ನಿಲುವು ಬದಲಾದದ್ದು ಮತದಾರರಿಂದಲೋ, ಲಾಬಿಯಿಂದಲೋ? ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ:
ಒಂದೇ ಪಕ್ಷದ ಮೂರು ಚುನಾವಣೆಗಳ ಪ್ರಣಾಳಿಕೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇನೆ. ಆಮದು ಸುಂಕದ ಬಗ್ಗೆ ಮೊದಲನೆಯದರಲ್ಲಿ ‘ಇಳಿಸುತ್ತೇವೆ’ ಎಂದಿದೆ, ಎರಡನೆಯದರಲ್ಲಿ ‘ಪರಿಶೀಲಿಸುತ್ತೇವೆ’ ಎಂದಿದೆ, ಮೂರನೆಯದರಲ್ಲಿ ಆ ಮಾತೇ ಇಲ್ಲ. ಜನರ ಒಲವು ಬದಲಾಯಿತೇ, ಉದ್ಯಮ ಸಂಘಗಳು ಒತ್ತಡ ಹಾಕಿದವೇ? ನಟ್ಟನಡುವಿನ ಮತದಾರ ಇರುವಲ್ಲಿಗೇ ಪಕ್ಷ ಹೋಗುತ್ತದೆ ಅನ್ನುವ ಸಿದ್ಧಾಂತ ಇಲ್ಲಿ ಕೆಲಸಕ್ಕೆ ಬರುತ್ತದೆಯೇ?

ಉತ್ತರ 1:
ಆ ಸಿದ್ಧಾಂತವನ್ನು ರಾಜಕೀಯಕ್ಕೆ ವಿಸ್ತಾರವಾಗಿ ಅನ್ವಯಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್, 1957ರಲ್ಲಿ. ಏಳು ಮತದಾರರು ಒಂದು ಗೆರೆಯ ಮೇಲೆ 1, 2, 3, 5, 7, 8, 9ರಲ್ಲಿ ನಿಂತಿದ್ದಾರೆ, ಪ್ರತಿಯೊಬ್ಬರೂ ತಮಗೆ ಹತ್ತಿರದ ಪಕ್ಷಕ್ಕೆ ಮತ ಹಾಕುತ್ತಾರೆ ಅಂದುಕೊಳ್ಳಿ. ನಟ್ಟನಡುವಿನ ಮತದಾರ 5ರಲ್ಲಿದ್ದಾನೆ. ಒಂದು ಪಕ್ಷ 3ರಲ್ಲಿ, ಇನ್ನೊಂದು 5ರಲ್ಲಿ ನಿಂತರೆ, 5ರದ್ದು ನಾಲ್ಕು ಮತ ಪಡೆದು ಗೆಲ್ಲುತ್ತದೆ. ಕೊನೆಯವನು 9ರಿಂದ 10ಕ್ಕೆ ಸರಿದರೂ ಫಲಿತಾಂಶ ಅದೇ, ಏಕೆಂದರೆ ಇಲ್ಲಿ ಸರಾಸರಿಗೆ ಬೆಲೆಯಿಲ್ಲ. ಆದರೆ 8 ಮತ್ತು 9ರವರು ಬೇಸತ್ತು ಮನೆಯಲ್ಲೇ ಉಳಿದರೆ ನಡು 3ಕ್ಕೆ ಜಾರುತ್ತದೆ. ಯಾರ ಅಭಿಪ್ರಾಯವೂ ಬದಲಾಗಿಲ್ಲ, ಬದಲಾದದ್ದು ಮತಗಟ್ಟೆಗೆ ಬಂದವರು ಮಾತ್ರ. ಹಾಗಾಗಿ ಸಮೀಕ್ಷೆಯಲ್ಲಿ ಎಲ್ಲರ ಅಂಕಿ ನೋಡಿ ಸುಮ್ಮನಾಗಬೇಡಿ, ಮತ ಹಾಕಿದವರದ್ದನ್ನು ಬೇರೆ ಮಾಡಿ ನೋಡಿ.

ಎರಡೇ ಪಕ್ಷ, ಒಂದೇ ವಿಷಯ ಇದ್ದಾಗ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಮೂರನೆಯ ಪಕ್ಷ ಬಂದರೆ ಅಥವಾ ತೆರಿಗೆಯ ಜೊತೆ ಧರ್ಮ, ಭಾಷೆ ಸೇರಿಕೊಂಡರೆ ‘ನಡು’ ಅನ್ನುವ ಜಾಗವೇ ಇಲ್ಲದಿರಬಹುದು.

ಉತ್ತರ 2:
ಸುಂಕದ ವಿಷಯಕ್ಕೆ ಡೌನ್ಸ್‌ಗಿಂತ ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿ ಮಂಡಿಸಿದ ವಾದ ಹೆಚ್ಚು ಹೊಂದುತ್ತದೆ: ಚಿಕ್ಕ ಗುಂಪು ಸುಲಭವಾಗಿ ಸಂಘಟಿತವಾಗುತ್ತದೆ, ದೊಡ್ಡ ಗುಂಪಿಗೆ ಅದು ಕಷ್ಟ. ಊಹೆಯ ಲೆಕ್ಕ ಹಾಕೋಣ: ಸುಂಕದಿಂದ 1 ಕೋಟಿ ಗ್ರಾಹಕರಿಗೆ ವರ್ಷಕ್ಕೆ ತಲಾ 10 ರೂಪಾಯಿ ನಷ್ಟ, 100 ಕಾರ್ಖಾನೆಗಳಿಗೆ ತಲಾ 8 ಲಕ್ಷ ಲಾಭ. ಒಟ್ಟು ನಷ್ಟ 10 ಕೋಟಿ, ಲಾಭ 8 ಕೋಟಿ. ಆದರೂ 10 ರೂಪಾಯಿಗಾಗಿ ಯಾರೂ ಸಂಘ ಕಟ್ಟುವುದಿಲ್ಲ. 8 ಲಕ್ಷಕ್ಕಾಗಿ ಕಾರ್ಖಾನೆಯವರು ವಕೀಲರನ್ನಿಟ್ಟು ಕಾನೂನಿನ ಕರಡು ಬರೆಸುತ್ತಾರೆ.

ನಿಮ್ಮ ಮೂರನೆಯ ಪ್ರಣಾಳಿಕೆಯ ಮೌನವೇ ನನಗೆ ಮುಖ್ಯ ಸುಳಿವು. ಮತದಾರರನ್ನು ಒಲಿಸಿಕೊಳ್ಳಲು ನಿಲುವು ಬದಲಿಸಿದ ಪಕ್ಷ ಅದನ್ನು ಸಾರಿ ಹೇಳುತ್ತದೆ, ಹೇಳದಿದ್ದರೆ ಮತ ಬರುವುದಿಲ್ಲ. ಸಂಘಟಿತ ಗುಂಪಿಗೆ ಸದ್ದು ಬೇಕಿಲ್ಲ, ಜನರ ಗಮನ ಬೀಳದಿದ್ದರೆ ಅದಕ್ಕೇ ಅನುಕೂಲ.

ಉತ್ತರ 3:
ಮೌನ ಸುಳಿವು ಹೌದು, ಸಾಕ್ಷಿಯಲ್ಲ. ಹೀಗೆ ಮಾಡಿ. ಮೂರೂ ಪ್ರಣಾಳಿಕೆಗಳನ್ನು ಒಂದೊಂದು ಭರವಸೆಗೆ ಒಂದೊಂದು ತುಣುಕಿನಂತೆ ಬಿಡಿಸಿ. ಒಂದು ವಾಕ್ಯದಲ್ಲಿ ಎರಡು ಭರವಸೆ ಇದ್ದರೆ ಎರಡು ತುಣುಕು. ಒಟ್ಟು ತುಣುಕುಗಳಲ್ಲಿ ಸುಂಕದ್ದು ಶೇಕಡಾ ಎಷ್ಟು ಎಂದು ಬರೆದುಕೊಳ್ಳಿ. ಆಮೇಲೆ ದಿನಾಂಕಗಳನ್ನು ಸಾಲಾಗಿ ಜೋಡಿಸಿ: ಸಮೀಕ್ಷೆ ಎಂದು ನಡೆಯಿತು, ಉದ್ಯಮ ಸಂಘದ ಮನವಿಪತ್ರ ಎಂದು ಹೋಯಿತು, ಕಾನೂನಿನ ಕರಡು ಎಂದು ಬಂತು. ಮನವಿಪತ್ರದ ಪದಗಳು ಕರಡಿನಲ್ಲಿ ಹಾಗೇ ಇದ್ದರೆ, ಅದರಲ್ಲೂ ವಿನಾಯಿತಿಯ ಷರತ್ತು ಮತ್ತು ವ್ಯಾಖ್ಯೆಗಳಲ್ಲಿ, ಅದು ಗಟ್ಟಿ ಆಧಾರ.

ಹೆಚ್ಚಿನವರು ಎಡವುವುದು ಎರಡು ಕಡೆ. ಜನರೂ ಗುಂಪೂ ಒಂದನ್ನೇ ಬಯಸಿದ್ದರೆ ಪ್ರಭಾವ ಯಾರದ್ದೆಂದು ಬೇರ್ಪಡಿಸಲಾಗದು, ಇಬ್ಬರ ಬಯಕೆ ಬೇರೆಯಾದ ಪ್ರಕರಣಗಳನ್ನೇ ಆರಿಸಿ. ಇನ್ನೊಂದು, ತಮ್ಮ ಪಕ್ಷ ಹೇಳಿತೆಂದು ಮತದಾರರೇ ಅಭಿಪ್ರಾಯ ಬದಲಿಸುವುದುಂಟು. ಅಂಥಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ತಿರುಗುಮುರುಗಾಗುತ್ತದೆ.

ಉತ್ತರ 4:
ಎದುರಾಳಿ ಪಕ್ಷವನ್ನು ಎಲ್ಲರೂ ಮರೆತಿದ್ದೀರಿ. ಬ್ರಿಟನ್ನಿನಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೆಂದು ಹೇಳುತ್ತಿದ್ದ ಯುಕೆಐಪಿ ಪಕ್ಷಕ್ಕೆ 2015ರ ಸಾರ್ವತ್ರಿಕ ಚುನಾವಣೆಯಲ್ಲಿ ಸುಮಾರು ಶೇ 12.6 ಮತ ಬಂದರೂ ಸಿಕ್ಕಿದ್ದು ಒಂದೇ ಸ್ಥಾನ. ಆದರೆ ಅದರ ಕಡೆಗೆ ಮತ ಸೋರುವ ಭಯವೂ, ಸ್ವಂತ ಸಂಸದರ ಒತ್ತಡವೂ ಸೇರಿ, 2013ರ ಜನವರಿಯಲ್ಲೇ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ ಯುರೋಪಿಯನ್ ಒಕ್ಕೂಟದ ಬಗ್ಗೆ ಜನಮತಗಣನೆಯ ಭರವಸೆ ಕೊಟ್ಟಿದ್ದರು. ಅದು 2016ರ ಜೂನ್ 23ರಂದು ನಡೆಯಿತು. ಸ್ಥಾನಗಳನ್ನಷ್ಟೇ ಎಣಿಸುವವರಿಗೆ ಈ ಪ್ರಭಾವ ಕಾಣುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ದಿನಾಂಕಗಳ ಸಾಲು ಇವತ್ತೇ ಶುರು ಮಾಡುತ್ತೇನೆ. ಸಮೀಕ್ಷೆಗಳಲ್ಲಿ ಯಾವುದನ್ನು ನಂಬಲಿ?

ಉತ್ತರ 3:
ಮೊದಲು ಪ್ರಶ್ನೆಯ ಒಕ್ಕಣೆ ನೋಡಿ. ‘ಬೆಲೆ ಇಳಿಯಲು ಸುಂಕ ತಗ್ಗಿಸಬೇಕೇ’ ಎಂದರೂ ಹೌದು ಅನ್ನುತ್ತಾರೆ, ‘ಕೆಲಸ ಉಳಿಸಲು ಸುಂಕ ಬೇಕೇ’ ಎಂದರೂ ಹೌದು ಅನ್ನುತ್ತಾರೆ. ಮೂರೂ ಅವಧಿಯಲ್ಲಿ ಅಕ್ಷರಶಃ ಒಂದೇ ಪ್ರಶ್ನೆ ಕೇಳಿರುವ ಸಮೀಕ್ಷೆಗಳನ್ನು ಮಾತ್ರ ಹೋಲಿಸಿ.