ಟ್ರ್ಯಾಕಿಗೆ ಹೋದಾಗಲೆಲ್ಲ ಆಕ್ಸಲ್ ಬೂಟು ಹರಿಯುತ್ತಿದೆ, ಅನುಭವವಿರುವವರು ತಿಳಿಸಿ

ಬೆಂಗಳೂರಿನಿಂದ, ಪ್ರಶ್ನೆ
ನನ್ನದು ನಡುವೆ ಎಂಜಿನ್ ಇರುವ, ಹಿಂದಿನ ಚಕ್ರಗಳಿಂದ ಓಡುವ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಹದಿನಾಲ್ಕು ತಿಂಗಳಲ್ಲಿ ಬಲಗಡೆಯ ಒಳ ಬೂಟು, ಅಂದರೆ ಆಕ್ಸಲ್ ಶಾಫ್ಟಿನ ಎಂಜಿನ್ ಕಡೆಯ ಜಾಯಿಂಟಿನಿಂದ ಗ್ರೀಸು ಸೋರದಂತೆ ಮುಚ್ಚುವ ಮಡಿಕೆಯ ರಬ್ಬರು ಚೀಲ, ಮೂರು ಸಲ ಕೈಕೊಟ್ಟಿದೆ. ಒಮ್ಮೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ, ಎರಡು ಸಲ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ. ಎಡಗಡೆಯ ಬೂಟು ಕಾರ್ಖಾನೆಯಿಂದ ಬಂದದ್ದೇ ಇನ್ನೂ ಇದೆ. ಸ್ಪ್ರಿಂಗ್ ಬದಲಿಸಿ ಕಾರನ್ನು 25 ಮಿ.ಮೀ. ತಗ್ಗಿಸಿದ್ದೇನೆ. ಕಾರಣ ಶಾಖವೋ, ಶಾಫ್ಟಿನ ಓರೆಯೋ, ಬೂಟಿನ ತುದಿಯನ್ನು ಬಿಗಿದು ಹಿಡಿಯುವ ಕ್ಲ್ಯಾಂಪೋ ಎಂಬುದನ್ನು ಪತ್ತೆ ಹಚ್ಚುವ ಬಗೆ ಹೇಗೆ?

ಮೈಸೂರಿನಿಂದ
ಶಾಖವೇ, ಅನುಮಾನ ಬೇಡ. ಎರಡು ವರ್ಷ ನಾನು ಪಟ್ಟ ಪಾಡನ್ನು ಹೇಳುತ್ತೇನೆ. ನಾಲ್ಕು ಬೂಟು, ಒಂದೊಂದಕ್ಕೆ 6,800 ರೂಪಾಯಿ. ಪ್ರತಿ ಸಲವೂ ಕೂಲಿ 4,500. ಮೂರನೆಯ ಸಲ ಗ್ರೀಸೆಲ್ಲ ಸೋರಿಹೋದದ್ದು ತಿಳಿಯದೆ ಓಡಿಸಿದ್ದರಿಂದ ಜಾಯಿಂಟೇ ಸವೆದು, ಸುಂಕವೂ ಸೇರಿ 58,000. ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಸೈಲೆನ್ಸರ್ ಕೊಳವೆಗೂ ಬೂಟಿಗೂ ನಡುವೆ ಇದ್ದ ತಗಡನ್ನು ನಾನೇ ಬಿಚ್ಚಿಟ್ಟಿದ್ದೆ. ಕೊನೆಯ ಬೂಟನ್ನು ಬಿಚ್ಚಿ ಮಡಿಕೆಯನ್ನು ಬೆರಳಿನಿಂದ ಒತ್ತಿದಾಗ ಅದು ಹಪ್ಪಳದಂತೆ ಲಟಕ್ಕೆಂದು ಮುರಿಯಿತು. ಶಾಖ ತಗುಲಿದರೆ ಬಣ್ಣ ಬದಲಿಸುವ ಪಟ್ಟಿಗಳನ್ನು ಬೂಟಿನ ಪಕ್ಕದ ಲೋಹಕ್ಕೆ ಅಂಟಿಸಿ ನೋಡಿದೆ. 149 ಡಿಗ್ರಿಯ ಗೆರೆಯೂ ಕಪ್ಪಾಗಿತ್ತು. ಮಾಮೂಲಿ ನಿಯೋಪ್ರೀನ್ ರಬ್ಬರು ಅಂಥ ಬಿಸಿಯನ್ನು ಬಹಳ ಹೊತ್ತು ತಾಳುವುದಿಲ್ಲ. ಓಡುವಾಗ ಗಾಳಿಯಾದರೂ ಬೀಸುತ್ತಿರುತ್ತದೆ. ಟ್ರ್ಯಾಕಿನ ಪಕ್ಕದ ನಿಲುಗಡೆಗೆ, ಅಂದರೆ ಪಿಟ್ಟಿಗೆ ಬಂದು ಎಂಜಿನ್ ಆರಿಸಿ ನಿಲ್ಲಿಸಿದ ಮೇಲೆಯೇ ಬೂಟು ಹೆಚ್ಚು ಬೇಯುವುದು. ಕೊನೆಗೆ ತಗಡಿನ ಕೆಲಸದವರ ಬಳಿ 900 ರೂಪಾಯಿಗೆ ಸ್ಟೀಲ್ ಮರೆ ಮಾಡಿಸಿದೆ. ಅಂದಿನಿಂದ ಒಂದು ಹನಿ ಗ್ರೀಸೂ ಹೊರಬಂದಿಲ್ಲ.

ಮಂಗಳೂರಿನಿಂದ
ತಗಡನ್ನು ತಾವೇ ಬಿಚ್ಚಿ, ತಾವೇ ಮತ್ತೆ ಹಾಕಿ, ಅದನ್ನು ಸಂಶೋಧನೆಯೆಂದು ಹೇಳಿಕೊಳ್ಳುವುದು ವಿಚಿತ್ರವಾಗಿದೆ. ನಾನೂ ಮೊದಲು ಶಾಖವೆಂದೇ ನಂಬಿ, ಇಂಗ್ಲೆಂಡಿನಿಂದ ಸಿಲಿಕೋನ್ ಬೂಟು ತರಿಸಿದ್ದೆ: ಜೋಡಿಗೆ 22,400, ಸುಂಕ ಬೇರೆ. ಸಿಲಿಕೋನ್ ಬಿಸಿಯನ್ನು ತಾಳುತ್ತದೆ, ನಿಜ; ಆದರೆ ಅದು ಮೆದು. ಗಂಟೆಗೆ 200 ಕಿ.ಮೀ. ವೇಗದಲ್ಲಿ ಶಾಫ್ಟು ನಿಮಿಷಕ್ಕೆ 1,600ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಒಳಗಿನ ಗ್ರೀಸೆಲ್ಲ ಗೋಡೆಗೆ ಒತ್ತುತ್ತದೆ. ದೆಹಲಿ ಬಳಿಯ ಬುದ್ಧ ಸರ್ಕಿಟ್ಟಿನ ಒಂದು ಕಿಲೋಮೀಟರಿಗೂ ಮೀರಿದ ನೇರ ಹಾದಿಯಲ್ಲಿ ನನ್ನ ಬೂಟು ಬಲೂನಿನಂತೆ ಉಬ್ಬಿ, ಪಕ್ಕದ ಬ್ರಾಕೆಟ್ಟಿಗೆ ಉಜ್ಜಿ ಸೀಳಿತು. ಅಸಲು ದೋಷ ಜೋಡಣೆಯಲ್ಲಿತ್ತು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಚಕ್ರ ಜೋತುಬಿದ್ದಿರುವಾಗಲೇ ಕ್ಲ್ಯಾಂಪು ಬಿಗಿದಿದ್ದ. ಒಳಗಿನ ಗಾಳಿಯನ್ನೂ ಹೊರಬಿಟ್ಟಿರಲಿಲ್ಲ. ಸಾಲದ್ದಕ್ಕೆ, ಹೆಚ್ಚು ಇದ್ದರೆ ಒಳ್ಳೆಯದೆಂದು ಪೊಟ್ಟಣದ ಎರಡರಷ್ಟು ಗ್ರೀಸು ತುಂಬಿದ್ದ. ಈಗ ಚಕ್ರದ ಕೆಳಗೆ ಜಾಕಿ ಕೊಟ್ಟು, ಶಾಫ್ಟನ್ನು ನೆಲದ ಮೇಲೆ ನಿಂತಾಗಿನ ಮಟ್ಟಕ್ಕೆ ತಂದು, ಬೂಟಿನ ಚಿಕ್ಕ ತುದಿಯೊಳಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಟ್ಟ ನಂತರವೇ ಬಿಗಿಸುತ್ತೇನೆ.

ಹುಬ್ಬಳ್ಳಿಯಿಂದ
ಇಬ್ಬರೂ ಹಣ ಸುರಿದ ಕಥೆಯನ್ನೇ ಹೇಳುತ್ತಿದ್ದೀರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 350 ರೂಪಾಯಿಗೆ ಎಲ್ಲ ಕಾರುಗಳಿಗೂ ಹೊಂದುವ, ಎಳೆದು ಕೂರಿಸುವ ಬೂಟು ಸಿಗುತ್ತದೆ. ಪ್ರತಿ ಟ್ರ್ಯಾಕ್ ದಿನಕ್ಕೂ ಮುನ್ನ ಹೊಸದನ್ನು ಹಾಕುತ್ತೇನೆ. ಇದುವರೆಗೆ ಹನ್ನೊಂದು ಬೂಟು, ಒಟ್ಟು 3,850 ರೂಪಾಯಿ, ಕೂಲಿ ನನ್ನದೇ.

ಮಂಗಳೂರಿನಿಂದ
ಹನ್ನೊಂದು ಸಲ ಬದಲಿಸಿದ್ದನ್ನು ಹೆಮ್ಮೆಯಿಂದ ಎಣಿಸುವವರನ್ನು ಇಂದೇ ಕಂಡೆ. ಹುಬ್ಬಳ್ಳಿಯವರೇ, ಕಳೆದ ವರ್ಷ ಕೊಯಮತ್ತೂರಿನಲ್ಲಿ ಹಾದಿ ಜಾರುತ್ತದೆಂದು ಎಚ್ಚರಿಸುವ ಹಳದಿ-ಕೆಂಪು ಪಟ್ಟೆಯ ಬಾವುಟ ಬೀಸಿದ್ದು ನೆನಪಿದೆಯೆ? ಹಾದಿಯ ಮೇಲೆ ಚೆಲ್ಲಿದ್ದ ಗ್ರೀಸಿನಲ್ಲಿ ಜಾರಿ ನನ್ನ ಕಾರು ಗಿರಕಿ ಹೊಡೆಯಿತು, ರಿಮ್ಮಿಗೆ 38,000 ತೆತ್ತೆ. ಆ ಗ್ರೀಸು ತಮ್ಮ 350 ರೂಪಾಯಿಯ ಬೂಟಿನದು.

ಹುಬ್ಬಳ್ಳಿಯಿಂದ
ಅಂದು ನನ್ನ ಬೂಟು ಅಖಂಡವಾಗಿತ್ತು. ಕಾರು ಕೆಟ್ಟಿದೆಯೆಂದು ಸೂಚಿಸುವ ಕಿತ್ತಳೆ ಚುಕ್ಕೆಯ ಕಪ್ಪು ಬಾವುಟ ತೋರಿಸಿ ಒಳಗೆ ಕರೆದದ್ದು ಬೇರೊಂದು ಕಾರನ್ನು. ಒಂದು ಬೂಟಿನ ಗ್ರೀಸು ಒಂದು ಹಿಡಿಯಷ್ಟೂ ಇರುವುದಿಲ್ಲ, ಅದೂ ಚಕ್ರಕ್ಕೆ, ತಳಕ್ಕೆ ಸಿಡಿದು ಅಂಟಿಕೊಳ್ಳುತ್ತದೆ. ಅದರಲ್ಲಿ ಕಾರು ಗಿರಕಿ ಹೊಡೆಯಿತೆನ್ನುವವರು ತಮ್ಮ ಟೈರುಗಳ ವಯಸ್ಸನ್ನೂ ತಿಳಿಸಲಿ.

ಕ್ಯಾಲಿಫೋರ್ನಿಯದಿಂದ
ಇಲ್ಲಿನ ಲಗೂನಾ ಸೆಕಾ ಟ್ರ್ಯಾಕಿಗೆ ಒಂಬತ್ತು ವರ್ಷಗಳಿಂದ ಹೋಗುತ್ತಿರುವವನು ನಾನು. ನನ್ನ ಕಾರಿನಲ್ಲಿ ಕಾರಣ ಎಂಜಿನನ್ನು ಚೌಕಟ್ಟಿಗೆ ಹಿಡಿದಿಡುವ ಮೌಂಟ್ ಆಗಿತ್ತು. ಅದರ ರಬ್ಬರು ಸೋತು, ಬ್ರೇಕ್ ಒತ್ತಿದಾಗಲೂ ವೇಗ ಕೊಟ್ಟಾಗಲೂ ಎಂಜಿನ್ ಹಿಂದುಮುಂದಾಗಿ ತೂಗುತ್ತಿದ್ದುದರಿಂದ ಒಳ ಜಾಯಿಂಟು ತನ್ನ ಮಿತಿಯಾಚೆ ಸರಿಯುತ್ತಿತ್ತು. ಇದು ತಿಳಿಯುವ ಮುನ್ನ ಎರಡು ಇಡೀ ಆಕ್ಸಲ್ ಬದಲಿಸಿದ್ದೆ, 1,340 ಡಾಲರ್. ಹರಿದ ಬೂಟನ್ನು ಎಸೆಯಬಾರದಿತ್ತು ಎಂದು ಈಗಲೂ ಹಳಹಳಿಸುತ್ತೇನೆ: ಬಿಸಿಗೆ ಹೋದದ್ದು ಗಡುಸಾಗಿ ಬಿರಿದಿರುತ್ತದೆ, ಉಜ್ಜಿದ್ದು ಹೊಳಪಾಗಿ ತೆಳುವಾಗಿರುತ್ತದೆ, ಕ್ಲ್ಯಾಂಪಿನಿಂದ ಜಾರಿದ್ದು ಹರಿದೇ ಇರುವುದಿಲ್ಲ.

ಬೆಂಗಳೂರಿನಿಂದ
ಮೊದಲ ಎರಡು ಬೂಟುಗಳನ್ನು ಗ್ಯಾರೇಜಿನವರು ಬಿಸಾಡಿದ್ದಾರೆ. ಮೂರನೆಯದನ್ನು ನಿನ್ನೆ ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ. ರಬ್ಬರು ಮೆತ್ತಗೇ ಇದೆ, ಎಲ್ಲಿಯೂ ಸೀಳಿಲ್ಲ. ಚಿಕ್ಕ ತುದಿಯೇ ಕಳಚಿಕೊಂಡಿದೆ. ಶಾಫ್ಟಿನ ಮೇಲೆ ಕ್ಲ್ಯಾಂಪು ಕೂತಿದ್ದ ಗುರುತು, ಬೂಟು ಕೂರಬೇಕಾದ ತೋಡಿಗಿಂತ ಆರು ಮಿ.ಮೀ. ಈಚೆಗಿದೆ. ಎಡಗಡೆಯದನ್ನು ಇದುವರೆಗೆ ಯಾರೂ ಮುಟ್ಟಿಲ್ಲವೆಂಬುದು ಆಗ ಹೊಳೆಯಿತು.

ಮಂಗಳೂರಿನಿಂದ
ನಾನು ಹೇಳಿದ್ದೇ ಅದು.

ಮೈಸೂರಿನಿಂದ
ಮೂರನೆಯದು ಜಾರಿರಬಹುದು. ಮೊದಲನೆಯದು ಕಾರ್ಖಾನೆಯದೇ ಆಗಿತ್ತಲ್ಲ, ಅದು ಏಕೆ ಹೋಯಿತು? ನನ್ನ ಬಳಿ ಇನ್ನೂ ಆರು ಶಾಖದ ಪಟ್ಟಿಗಳು ಉಳಿದಿವೆ, ವಿಳಾಸ ಕೊಟ್ಟರೆ ಕಳುಹಿಸುತ್ತೇನೆ.

ಹುಬ್ಬಳ್ಳಿಯಿಂದ
ಟೈರಿನ ವಯಸ್ಸು ಇನ್ನೂ ಬಂದಿಲ್ಲ.